ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೆ ಸ್ಕ್ರಿಪ್ಟ್ ಯಾಕೆ ಎಡವುತ್ತದೆ?

ರಾಜಾಜಿನಗರ, ವಿಜಯನಗರದ ಕಡೆಯ ತೆರಿಗೆ ಸಲಹೆಗಾರರ ಕಚೇರಿಯಾಗಲಿ, ಡಿಟಿಪಿ ಅಂಗಡಿಯಾಗಲಿ, ಕಂಪ್ಯೂಟರಿನಲ್ಲಿ ಫೋಲ್ಡರಿಗೆ ಹೆಸರಿಡುವುದು ಗಿರಾಕಿಯ ಅಥವಾ ಬಡಾವಣೆಯ ಹೆಸರು ಹಿಡಿದೇ. ‘ರಾಜಾಜಿನಗರ 6ನೇ ಬ್ಲಾಕ್’, ‘ಕೆಂಗೇರಿ ಸ್ಯಾಟಲೈಟ್ ಟೌನ್’, ‘ವೆಸ್ಟ್ ಆಫ್ ಕಾರ್ಡ್ ರೋಡ್’. ಹುಡುಕುವವರಿಗೆ ಅನುಕೂಲ. ತೊಂದರೆ ಶುರುವಾಗುವುದು ಸಂಜೆ ಬಾಗಿಲು ಹಾಕುವ ಮುನ್ನ ಬ್ಯಾಕಪ್ ತೆಗೆಯಲೆಂದು ಬರೆಸಿಟ್ಟ ಬ್ಯಾಚ್ ಫೈಲನ್ನು ಒತ್ತಿದಾಗ. ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುತ್ತದೆ. ಬ್ಯಾಕಪ್ ಆಗಿರುವುದಿಲ್ಲ.

ಆ ಕಿಟಕಿಯನ್ನು ಹಿಡಿದು ನಿಲ್ಲಿಸಿ ಓದಿದರೆ ಬಹುತೇಕ ಸಲ ಕಾಣುವ ದೂರು ಒಂದೇ: ‘ಸಿ:\ಪ್ರೋಗ್ರಾಮ್’ ಎಂಬ ಆದೇಶ ನನಗೆ ಗೊತ್ತಿಲ್ಲ. ನೀವು ಬರೆದದ್ದು ‘ಸಿ:\ಪ್ರೋಗ್ರಾಮ್ ಫೈಲ್ಸ್\ಟ್ಯಾಲಿಪ್ರೈಮ್\ಟ್ಯಾಲಿ.ಎಕ್ಸ್‌ಇ’ ಎಂದು. ಕಂಪ್ಯೂಟರ್ ಓದಿದ್ದು ಮೊದಲ ಸ್ಪೇಸ್‌ವರೆಗೆ ಮಾತ್ರ. ಅಲ್ಲಿಗೆ ಪ್ರೋಗ್ರಾಮಿನ ಹೆಸರು ಮುಗಿಯಿತು, ಉಳಿದದ್ದೆಲ್ಲ ಅದಕ್ಕೆ ಕೊಟ್ಟ ಸೂಚನೆ ಎಂದು ತಿಳಿಯಿತು. ಅದೇ ಲೆಕ್ಕದಲ್ಲಿ ‘ವೆಸ್ಟ್ ಆಫ್ ಕಾರ್ಡ್ ರೋಡ್’ ಅದರ ಪಾಲಿಗೆ ಒಂದು ಫೋಲ್ಡರಲ್ಲ, ನಾಲ್ಕು ಬೇರೆ ಬೇರೆ ಪದ.

ಡಾಸ್ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಹೆಸರಿಗೆ 8 ಅಕ್ಷರ, ಚುಕ್ಕೆಯ ನಂತರ 3, ಅಷ್ಟೇ. ಆದೇಶದ ಪದಗಳನ್ನು ಸ್ಪೇಸಿನಿಂದ ಬೇರ್ಪಡಿಸುವ ಪದ್ಧತಿ ಬೇರೂರಿದ್ದು ಆಗಲೇ. 1995ರಲ್ಲಿ ವಿಂಡೋಸ್ 95 ಬಂದು ಉದ್ದನೆಯ ಹೆಸರಿಗೂ ಸ್ಪೇಸಿಗೂ ಬಾಗಿಲು ತೆರೆಯಿತು. ಪ್ರೋಗ್ರಾಮುಗಳು ಕೂರುವ ಫೋಲ್ಡರಿಗೇ ಸ್ಪೇಸ್ ಇರುವ ಹೆಸರಿಟ್ಟಿತು. ವಿಂಡೋಸ್ ವಿಸ್ತಾ ಬಂದಾಗ ಬಳಕೆದಾರರ ಫೈಲುಗಳಿದ್ದ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಹೋಗಿ ‘ಯೂಸರ್ಸ್’ ಆಯಿತು. ‘ಪ್ರೋಗ್ರಾಮ್ ಫೈಲ್ಸ್’ ಮಾತ್ರ ಇನ್ನೂ ಹಾಗೆಯೇ ಇದೆ.

ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಇಡೀ ಪಾತ್ ಅನ್ನು, ಅಂದರೆ ಫೈಲಿನ ಪೂರ್ತಿ ವಿಳಾಸವನ್ನು, ಜೋಡಿ ಉದ್ಧರಣ ಚಿಹ್ನೆಯೊಳಗೆ (ಕೋಟ್ಸ್) ಹಾಕಿ. ವಿಂಡೋಸ್‌ನಲ್ಲಿ ಫೈಲಿನ ಹೆಸರೊಳಗೆ ಆ ಚಿಹ್ನೆ ಬರುವಂತೆಯೇ ಇಲ್ಲ, ಹಾಗಾಗಿ ಗೊಂದಲಕ್ಕೆ ಆಸ್ಪದವಿಲ್ಲ. ಆದರೂ ಕೋಟ್ಸ್ ಹಾಕಿದ ಮೇಲೂ ಕೆಡುವ ಜಾಗಗಳಿವೆ. ನಿಜವಾಗಿ ಹೊತ್ತು ತಿನ್ನುವುದು ಅವೇ.

ಮೊದಲನೆಯದು ‘ಸ್ಟಾರ್ಟ್’ ಆದೇಶ. ಅದು ಕೋಟ್ಸಿನೊಳಗೆ ಸಿಕ್ಕ ಮೊದಲ ತುಣುಕನ್ನು ಕಿಟಕಿಯ ಶೀರ್ಷಿಕೆ ಎಂದುಕೊಳ್ಳುತ್ತದೆ. ನೀವು ಪಾತ್ ಅನ್ನು ಜೋಪಾನವಾಗಿ ಸುತ್ತಿ ಕೊಟ್ಟರೆ, ಅದನ್ನೇ ಹೆಸರಾಗಿಟ್ಟುಕೊಂಡ ಖಾಲಿ ಕಪ್ಪು ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಖಾಲಿ ಶೀರ್ಷಿಕೆಯನ್ನು ಮುಂದೆ ಇಡಬೇಕು: ಸ್ಟಾರ್ಟ್ "" "ಸಿ:\ಪ್ರೋಗ್ರಾಮ್ ಫೈಲ್ಸ್\…".

ಎರಡನೆಯದು ಕೊನೆಯ ಓರೆಗೆರೆ. "ಡಿ:\ವೆಸ್ಟ್ ಆಫ್ ಕಾರ್ಡ್ ರೋಡ್\" ಎಂದು ಫೋಲ್ಡರ್ ನಕಲಿಸುವ ರೋಬೋಕಾಪಿ ಆದೇಶಕ್ಕೆ ಕೊಟ್ಟು ನೋಡಿ. ವಿಂಡೋಸ್ ಹೊಸ ಪ್ರೋಗ್ರಾಮಿಗೆ ಕೊಡುವುದು ಒಂದೇ ಉದ್ದ ಸಾಲು. ಅದನ್ನು ಪದಗಳಾಗಿ ಕತ್ತರಿಸಿಕೊಳ್ಳುವುದು ಆ ಪ್ರೋಗ್ರಾಮಿನ ಕೆಲಸ. ಹೆಚ್ಚಿನವು ಅನುಸರಿಸುವ ನಿಯಮದ ಪ್ರಕಾರ, ಓರೆಗೆರೆಯ ಬೆನ್ನಿಗೆ ಬಂದ ಕೋಟ್ ಮುಚ್ಚುವ ಕೋಟ್ ಅಲ್ಲ, ಹೆಸರಿನದೇ ಒಂದು ಅಕ್ಷರ. ಅಲ್ಲಿಂದ ಮುಂದಿನ ಫೋಲ್ಡರೂ ಇದೇ ಹೆಸರಿಗೆ ಅಂಟಿಕೊಳ್ಳುತ್ತದೆ. ಬ್ಯಾಚ್ ಫೈಲ್ ತಾನಿರುವ ಫೋಲ್ಡರನ್ನು ಹೇಳುವ ಆ ಪರ್ಸೆಂಟ್, ಟಿಲ್ಡೆ, ಡಿ, ಪಿ, ಸೊನ್ನೆಯ ಗುರುತು ಯಾವಾಗಲೂ ಓರೆಗೆರೆಯಲ್ಲೇ ಮುಗಿಯುವುದರಿಂದ, ಈ ಗುಂಡಿಗೆ ಬೀಳುವವರು ಬಹಳ. ಮುಚ್ಚುವ ಕೋಟಿನ ಮುಂಚೆ ಒಂದು ಚುಕ್ಕೆ ಇಟ್ಟರೆ ಸಾಕು. ಚುಕ್ಕೆ ಎಂದರೆ ‘ಇದೇ ಫೋಲ್ಡರ್’, ಅರ್ಥ ಕೆಡುವುದಿಲ್ಲ.

ಮೂರನೆಯದು ‘&’. ನಮ್ಮ ಕಡೆ ಅಂಗಡಿಗಳ ಹೆಸರಲ್ಲಿ ‘& ಸನ್ಸ್’, ‘& ಕೋ’ ಇಲ್ಲದಿದ್ದರೆ ಬೋರ್ಡೇ ಪೂರ್ತಿಯಾಗುವುದಿಲ್ಲ. ಕಮಾಂಡ್ ಕಿಟಕಿಗೆ, ಕೋಟ್ಸಿನ ಹೊರಗೆ ಸಿಕ್ಕ ಆ ಚಿಹ್ನೆ ‘ಇಲ್ಲಿಗೆ ಒಂದು ಆದೇಶ ಮುಗಿಯಿತು, ಇನ್ನೊಂದು ಶುರು’ ಎಂಬ ಸೂಚನೆ. ತಮಾಷೆಯೆಂದರೆ, ಫೈಲನ್ನು ಮೌಸಿನಿಂದ ಎಳೆದು ಬ್ಯಾಚ್ ಫೈಲಿನ ಮೇಲೆ ಬಿಟ್ಟಾಗ ವಿಂಡೋಸ್ ತಾನಾಗಿ ಕೋಟ್ಸ್ ಹಾಕುವುದು ಪಾತ್‌ನಲ್ಲಿ ಸ್ಪೇಸ್ ಇದ್ದರೆ ಮಾತ್ರ. ‘ರಾವ್ & ಸನ್ಸ್’ ಬಚಾವಾಗುತ್ತದೆ, ಸ್ಪೇಸ್ ಇಲ್ಲದ ‘ರಾವ್&ಸನ್ಸ್’ ಒಡೆದುಹೋಗುತ್ತದೆ!

ವಿಂಡೋಸ್‌ನದೇ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಅದೇ ‘&’ ಉಪಕಾರಿ. ಅಲ್ಲಿ ಕೋಟ್ಸಿನೊಳಗಿನ ಪಾತ್ ಬರಿಯ ಪಠ್ಯ. ಎಂಟರ್ ಒತ್ತಿದರೆ ಅದನ್ನೇ ತಿರುಗಿ ಮುದ್ರಿಸುತ್ತದೆ. ಮುಂದೆ ‘&’ ಹಾಕಿದರೆ ಅದನ್ನು ಪ್ರೋಗ್ರಾಮ್ ಎಂದು ಓಡಿಸುತ್ತದೆ. ನಿಗದಿತ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಪ್ರೋಗ್ರಾಮಿಗೊಂದು, ಅದರ ಸೂಚನೆಗಳಿಗೊಂದು ಪ್ರತ್ಯೇಕ ಪೆಟ್ಟಿಗೆ ಇದೆ. ಎರಡನ್ನೂ ಒಂದರಲ್ಲೇ ತುರುಕಬೇಡಿ.

ಸ್ಪೇಸನ್ನೇ ತೆಗೆದು ಅಂಡರ್‌ಸ್ಕೋರ್ ಹಾಕಿ ಎನ್ನುವ ಸಲಹೆ ಸುಲಭ. ನನಗದು ಒಪ್ಪಿಗೆಯಿಲ್ಲ. ಹತ್ತು ವರ್ಷದ ಗಿರಾಕಿಗಳ ಫೋಲ್ಡರ್ ಹೆಸರು ಬದಲಿಸುವುದಕ್ಕಿಂತ ಹತ್ತು ಸಾಲಿನ ಸ್ಕ್ರಿಪ್ಟ್ ತಿದ್ದುವುದು ಕಡಿಮೆ ಕೆಲಸ. ‘ಪ್ರೋಗ್ರಾಮ್ ಫೈಲ್ಸ್’ ಅನ್ನು ಹೇಗೂ ಬದಲಿಸಲಾಗದು.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೂ ಒಂದು ಮಾತು. ‘ಇನ್‌ವಾಯ್ಸ್’ ಎಂದು ಬರೆಯುವಾಗ ‘ನ’ಕ್ಕೆ ‘ವ’ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದು ನಡುವೆ ಕೂತಿರುತ್ತದೆ. ಅದು ಸ್ಪೇಸ್ ಅಲ್ಲ, ಪಾತ್ ಒಡೆಯುವುದೂ ಇಲ್ಲ. ಆದರೆ ಸ್ಕ್ರಿಪ್ಟಿನಲ್ಲಿ ಅದಿಲ್ಲದೆ ಟೈಪಿಸಿದರೆ ‘ಫೈಲ್ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಕನ್ನಡ ಹೆಸರನ್ನು ಕೈಯಿಂದ ಬರೆಯದೆ ಫೋಲ್ಡರಿನಿಂದಲೇ ಕಾಪಿ ಮಾಡಿಕೊಳ್ಳಿ.

ಲಿನಕ್ಸ್‌ನಲ್ಲಿ ಚಿತ್ರ ಬೇರೆ. ಅಲ್ಲಿ ಪ್ರೋಗ್ರಾಮಿಗೆ ತಲುಪುವುದು ಒಂದೇ ಸಾಲಲ್ಲ, ಮೊದಲೇ ಬಿಡಿಸಿದ ಪಟ್ಟಿ. ಬಿಡಿಸುವುದು ಆದೇಶ ಓದುವ ಶೆಲ್‌ನ ಕೆಲಸ. ಡಾಲರ್ ಚಿಹ್ನೆಯ ವೇರಿಯಬಲ್ಲನ್ನು ಕೋಟ್ಸ್ ಇಲ್ಲದೆ ಬರೆದರೆ ಅದರೊಳಗಿನ ಸ್ಪೇಸ್ ಇದ್ದಲ್ಲೆಲ್ಲ ಶೆಲ್ ಕತ್ತರಿಸುತ್ತದೆ. ಪೈಥಾನ್‌ನಿಂದ ಓಡಿಸುವುದಾದರೆ ಎಲ್ಲ ಸೇರಿಸಿ ಒಂದು ಸಾಲು ಹೆಣೆಯುವ ಬದಲು, ಬೇರೆ ಪ್ರೋಗ್ರಾಮ್ ಓಡಿಸುವ ಅದರ ಸಬ್‌ಪ್ರೊಸೆಸ್‌ಗೆ ಪಟ್ಟಿಯನ್ನೇ ಕೊಡಿ: ಪ್ರೋಗ್ರಾಮ್ ಒಂದು ಅಂಶ, ಪಾತ್ ಇನ್ನೊಂದು ಅಂಶ. ಪೈಥಾನ್ ಗೊತ್ತಿದ್ದವರಿಗೆ ಇದೇ ಒಳ್ಳೆಯ ದಾರಿ.

ಪ್ರೋಗ್ರಾಮ್ ಓಡದಿದ್ದರೆ ಹೋಗಲಿ, ಬೇರೆಯದೇ ಓಡಿದರೆ? ‘ಪ್ರೋಗ್ರಾಮ್ ಫೈಲ್ಸ್’ ಒಳಗಿನ ಪಾತ್ ಅನ್ನು ಕೋಟ್ಸ್ ಇಲ್ಲದೆ ಕೊಟ್ಟು, ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಒಂದನ್ನು ಸ್ಥಾಪಿಸಿದ್ದರೆ, ವಿಂಡೋಸ್ ಮೊದಲು ‘ಸಿ:\ಪ್ರೋಗ್ರಾಮ್.ಎಕ್ಸ್‌ಇ’ ಇದೆಯೇ ಎಂದು ನೋಡುತ್ತದೆ. ಆ ಹೆಸರಿನಲ್ಲಿ ಯಾರಾದರೂ ಕಿಡಿಗೇಡಿ ಫೈಲ್ ಇಟ್ಟಿದ್ದರೆ ಅದೇ ಓಡುತ್ತದೆ. ಭದ್ರತೆ ತಪಾಸಣೆ ಮಾಡುವವರು ಇವತ್ತಿಗೂ ಹುಡುಕುವ ಹಳೆಯ ದೋಷ ಇದು.

ಅಳಿಸುವ ಆದೇಶವಾದರಂತೂ ಕೇಳುವುದೇ ಬೇಡ. 2001ರ ನವೆಂಬರಿನಲ್ಲಿ ಬಂದ, ಆಪಲ್‌ನ ಸಂಗೀತ ತಂತ್ರಾಂಶ ಐಟ್ಯೂನ್ಸ್ 2.0ರ ಇನ್‌ಸ್ಟಾಲರ್, ಹಳೆಯ ಪ್ರತಿಯನ್ನು ತೆಗೆಯುವ ಸಾಲಿನಲ್ಲಿ ಕೋಟ್ಸ್ ಇಲ್ಲದ ಕಾರಣ, ಡಿಸ್ಕಿನ ಹೆಸರಲ್ಲಿ ಸ್ಪೇಸ್ ಇದ್ದ ಕೆಲವರ ಮ್ಯಾಕ್‌ಗಳಲ್ಲಿ ಡಿಸ್ಕನ್ನೇ ಒರೆಸಿಹಾಕಿತು. ಆಪಲ್ ಕೂಡಲೇ 2.0.1 ಬಿಡಬೇಕಾಯಿತು. ನಿಮ್ಮ ಬ್ಯಾಚ್ ಫೈಲಿನಲ್ಲಿ ಅಳಿಸುವ ಸಾಲಿದ್ದರೆ ಮೊದಲು ಅದರ ಮುಂದೆ ‘ಎಕೋ’ ಸೇರಿಸಿ ಓಡಿಸಿ. ಪರದೆಯ ಮೇಲೆ ಪಾತ್ ಕೋಟ್ಸ್ ಸಮೇತ ಸರಿಯಾಗಿ ಮೂಡಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ‘ಎಕೋ’ ತೆಗೆಯಿರಿ.