ಬಣ್ಣದ ಕಾಗದ ಯಾಕೆ ಮಾತು ಕೇಳುವುದಿಲ್ಲ?

ಈ ವರ್ಷ ಕೈಬರಹದ ಪತ್ರಿಕೆ ಮಾಡೋಣ ಎಂದು ಟೀಚರ್ ಹೇಳಿದ ಕೂಡಲೇ ನೀವು ಮೊದಲು ಓಡುವುದು ಎಲ್ಲಿಗೆ? ಬಣ್ಣದ ಕಾಗದ ಸಿಗುವ ಅಂಗಡಿಗೆ, ಅಲ್ವಾ? ಕಾಸರಗೋಡಿನ ಅಂಗಡಿಯಲ್ಲಿ ಅದು ಕಡಲಾಸು, ಹೊಸೂರು ತಾಳವಾಡಿಗಳಲ್ಲಿ ಕಾಗಿದಂ, ಆದೋನಿ ರಾಯದುರ್ಗಗಳಲ್ಲಿ ಕಾಗಿತಂ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಹೊಳೆಯುವ ಬಣ್ಣದ ಹಾಳೆಯನ್ನು ಘೋಟೀವ್ ಕಾಗದ ಎಂದು ಕೇಳಿ ತರುತ್ತೀರಿ. ಹೆಸರು ಯಾವುದೇ ಇರಲಿ, ತಂದ ಮೇಲೆ ಎಲ್ಲ ಊರಲ್ಲೂ ಒಂದೇ ಕಥೆ. ಅಂಟು ಹಚ್ಚಿದ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ. ಮಡಚಿದ ಗೆರೆ ಬಿರುಕು ಬಿಡುತ್ತದೆ. ಕ್ರೇಪ್ ಹೂವಿನ ಕೆಂಪು ಬಣ್ಣ ಪಕ್ಕದ ಪುಟಕ್ಕೆ ಇಳಿಯುತ್ತದೆ. ಎರಡು ವರ್ಷ ಕಳೆದರೆ ಹಾಳೆ ಹಳದಿಯಾಗಿ ಅಂಚು ಉದುರಲು ಶುರು.

ಅಚ್ಚಾದ ಪುಸ್ತಕವಾದರೆ ಒಂದು ಹಾಳಾದರೂ ಇನ್ನೊಂದು ಪ್ರತಿ ಎಲ್ಲಾದರೂ ಇರುತ್ತದೆ. ಕೈಬರಹದ ಪತ್ರಿಕೆ ಹಾಗಲ್ಲ. ಇರುವುದೇ ಒಂದು ಪ್ರತಿ. ನಿಮ್ಮ ಅಜ್ಜಿ ಹೇಳಿದ ಒಗಟು, ನಿಮ್ಮ ಊರಿನ ಕನ್ನಡದಲ್ಲಿ ಮಾತ್ರ ಇರುವ ಪದಗಳು, ನಿಮ್ಮ ಗೆಳತಿ ಬರೆದ ಕವಿತೆ ಎಲ್ಲವೂ ಅದರಲ್ಲೇ ಇವೆ. ಆ ಕಾಗದ ಪುಡಿಯಾದರೆ ಅವೂ ಹೋದ ಹಾಗೆಯೇ. ಹಾಗಾಗಿ ಕಾಗದವನ್ನು ಸ್ವಲ್ಪ ಅರ್ಥ ಮಾಡಿಕೊಳ್ಳೋಣ.

ಕಾಗದಕ್ಕೂ ಒಂದು ದಿಕ್ಕುಂಟು

ಕಾಗದ ಎಂದರೆ ಸಸ್ಯದ ನಾರುಗಳ ಒಂದು ತೆಳುವಾದ ಚಾಪೆ. ಮರದ ನಾರಾದರೆ ಒಂದೊಂದೂ ಸುಮಾರು 1ರಿಂದ 3 ಮಿಲಿಮೀಟರ್ ಉದ್ದ, ದಪ್ಪದಲ್ಲಿ ಕೂದಲಿಗಿಂತ ಸಣ್ಣ. ಈ ನಾರುಗಳನ್ನು ಬಹಳಷ್ಟು ನೀರಿನಲ್ಲಿ ಕಲಸಿ, ಓಡುತ್ತಿರುವ ಜಾಲರಿಯ ಮೇಲೆ ಸುರಿಯುತ್ತಾರೆ. ನೀರು ಕೆಳಗೆ ಇಳಿದು ಹೋಗುತ್ತದೆ, ನಾರು ಮೇಲೆ ಉಳಿಯುತ್ತದೆ. ಹೊಳೆಯಲ್ಲಿ ತೇಲುವ ಕಡ್ಡಿಗಳು ನೀರು ಹರಿಯುವ ಕಡೆಗೇ ಮುಖ ಮಾಡುವುದನ್ನು ನೋಡಿದ್ದೀರಲ್ಲ? ಹಾಗೆಯೇ ಇಲ್ಲೂ ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಯಂತ್ರದಲ್ಲಿ ಮಾಡಿದ ಪ್ರತಿ ಹಾಳೆಗೂ ಹೀಗೆ ಒಂದು 'ನಾರಿನ ದಿಕ್ಕು' ಇರುತ್ತದೆ.

ನೀರು ತಾಗಿದಾಗ ನಾರು ಊದಿಕೊಳ್ಳುತ್ತದೆ. ಆದರೆ ಉದ್ದದಲ್ಲಿ ಬೆಳೆಯುವುದು ತೀರಾ ಕಡಿಮೆ, ಊದುವುದೆಲ್ಲ ಅಗಲದಲ್ಲಿ. ಇದೇ ನಮ್ಮ ತೊಂದರೆಯ ಮೂಲ. ಹಾಳೆಯ ಒಂದು ಮುಖಕ್ಕೆ ಅಂಟು ಹಚ್ಚಿದರೆ ಆ ಮುಖದ ನಾರುಗಳು ಊದುತ್ತವೆ, ಇನ್ನೊಂದು ಮುಖ ಇದ್ದ ಹಾಗೆಯೇ ಇರುತ್ತದೆ. ಒಂದು ಮುಖ ದೊಡ್ಡದು, ಇನ್ನೊಂದು ಚಿಕ್ಕದು. ಆಗ ಕಾಗದ ಬಾಗದೆ ಏನು ಮಾಡೀತು?

ಮಾಡಿ ನೋಡಿ: ನಾರಿನ ದಿಕ್ಕು ಹುಡುಕುವ ಮೂರು ಉಪಾಯ

1. ಹರಿಯುವುದು: ಹಳೆಯ ದಿನಪತ್ರಿಕೆಯ ಹಾಳೆಯನ್ನು ಮೊದಲು ಮೇಲಿನಿಂದ ಕೆಳಕ್ಕೆ, ಆಮೇಲೆ ಅಡ್ಡಕ್ಕೆ ಹರಿಯಿರಿ. ಒಂದು ಕಡೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆ ಅಂಕುಡೊಂಕು. ನೇರವಾಗಿ ಹರಿದದ್ದೇ ನಾರಿನ ದಿಕ್ಕು.

2. ಬಾಗಿಸುವುದು: ದಪ್ಪ ಕಾರ್ಡನ್ನು ಮಡಚದೆ ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಬಾಗಿದ ಗೆರೆಯ ಉದ್ದಕ್ಕೇ ನಾರುಗಳು ಮಲಗಿವೆ.

3. ಒದ್ದೆ ಮಾಡುವುದು: ಬೆಂಕಿಪೊಟ್ಟಣದಷ್ಟು ಅಗಲದ ಚೌಕ ತುಂಡನ್ನು ಕತ್ತರಿಸಿ, ಒಂದೇ ಮುಖಕ್ಕೆ ಒದ್ದೆ ಬೆರಳು ಸವರಿ. ಅದು ಕೊಳವೆಯ ಹಾಗೆ ಸುತ್ತಿಕೊಳ್ಳುತ್ತದೆ. ಆ ಕೊಳವೆಯ ಉದ್ದವೇ ನಾರಿನ ದಿಕ್ಕು.

ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಕಾರ್ಡಿನ ಮಡಿಕೆ ನಾರಿನ ದಿಕ್ಕಿಗೇ ಬರಲಿ, ಗೆರೆ ಬಿರಿಯುವುದಿಲ್ಲ. ಪತ್ರಿಕೆಯ ಹಾಳೆಗಳಲ್ಲಿ ನಾರು ಹೊಲಿಗೆಯ ಬದಿಗೆ ಸಮಾನವಾಗಿ, ಅಂದರೆ ಮೇಲಿನಿಂದ ಕೆಳಕ್ಕೆ ಇರಲಿ, ಪುಟ ಸಲೀಸಾಗಿ ತಿರುಗುತ್ತದೆ. ರಟ್ಟಿನ ಮೇಲೆ ಬಣ್ಣದ ಕಾಗದ ಅಂಟಿಸುವಾಗ ಎರಡರ ನಾರೂ ಒಂದೇ ದಿಕ್ಕಿಗೆ ಇರಲಿ.

ಅಂಗಡಿಯಲ್ಲಿ ಏನು ಕೇಳಬೇಕು?

ಹಾಳೆಯ ಕಟ್ಟಿನ ಮೇಲೆ ಜಿ.ಎಸ್.ಎಂ. ಎಂದು ಬರೆದಿರುತ್ತದೆ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದೇ ಅದು. ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಎ0 ಹಾಳೆಯ ಅಳತೆ ಸರಿಯಾಗಿ ಒಂದು ಚದರ ಮೀಟರ್. ಅದನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ4 ಸಿಗುತ್ತದೆ, ಅಂದರೆ 16ನೇ ಒಂದು ಭಾಗ. ಹಾಗಾದ್ರೆ 80 ಜಿ.ಎಸ್.ಎಂ. ಎ4 ಹಾಳೆಯ ತೂಕ 80 ÷ 16 = 5 ಗ್ರಾಂ. 500 ಹಾಳೆಯ ಕಟ್ಟು ಎರಡೂವರೆ ಕಿಲೋ. ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಬಹುದು! ಬರೆಯಲು 80ರ ಹಾಳೆ ಸಾಕು. ಹೊದಿಕೆಗೆ 200ಕ್ಕಿಂತ ಮೇಲಿನದು ಗಟ್ಟಿ.

ಇನ್ನು ಬಣ್ಣದ ಕಾಗದಗಳು. ಹೊಳೆಯುವ ಗ್ಲೇಜ್ ಕಾಗದದ ಮೇಲೆ ಬಿಳಿ ಜೇಡಿಯಂಥ ನಯವಾದ ಲೇಪ ಹಾಕಿ ಉಜ್ಜಿರುತ್ತಾರೆ. ಘೋಟೀವ್ ಎಂದರೂ ಉಜ್ಜಿ ನಯ ಮಾಡಿದ್ದು ಎಂದೇ ಅರ್ಥ. ನಯವಾದ ಮೇಲ್ಮೈ ಬೆಳಕನ್ನು ಒಂದೇ ಕಡೆಗೆ ತಿರುಗಿಸಿ ಕಳಿಸುತ್ತದೆ, ಅದಕ್ಕೇ ಹೊಳಪು. ಇಂಥ ಹಾಳೆಯ ಹಿಂಬದಿ ಸಾಮಾನ್ಯವಾಗಿ ಬೋಳು ಬಿಳಿ. ಎರಡು ಮುಖಗಳೂ ಬೇರೆ ಬೇರೆಯಾದ್ದರಿಂದ ಗಾಳಿಯ ತೇವ ಕುಡಿದರೂ ಸಾಕು, ಸುತ್ತಿಕೊಳ್ಳುತ್ತದೆ. ಕ್ರೇಪ್ ಕಾಗದ ಎಳೆದರೆ ಹಿಗ್ಗುವುದು ನಾರು ಹಿಗ್ಗುವುದರಿಂದಲ್ಲ. ಒದ್ದೆ ಕಾಗದ ಉರುಳೆಗೆ ಅಂಟಿಕೊಂಡಿರುವಾಗ ಅದನ್ನು ಅಲಗಿನಿಂದ ಕೆರೆದು ಎಬ್ಬಿಸುತ್ತಾರೆ. ಆಗ ಸಾವಿರಾರು ಸಣ್ಣ ನೆರಿಗೆ ಬೀಳುತ್ತವೆ. ನೀವು ಎಳೆದಾಗ ಬಿಚ್ಚಿಕೊಳ್ಳುವುದು ಆ ನೆರಿಗೆಗಳೇ. ಇದರ ಬಣ್ಣ ನೀರಿಗೆ ಬಿಡುವುದರಿಂದ ಪತ್ರಿಕೆಯ ಒಳಪುಟಗಳಿಗೆ ಕ್ರೇಪ್ ಬೇಡ. ತೋರಣಕ್ಕೆ, ಆಕಾಶಬುಟ್ಟಿಯ ಬಾಲಕ್ಕೆ ಅದು ಚೆಂದ.

ವಿಜಯಪುರದ ಮೋಡದ ಕಾಗದ

ಹಳೆಯ ಲೆಕ್ಕಪುಸ್ತಕಗಳ ರಟ್ಟಿನ ಮೇಲೆ ನೀರಲ್ಲಿ ಬಣ್ಣ ಕದಡಿದ ಹಾಗಿರುವ ಮಾರ್ಬಲ್ ಕಾಗದ ನೋಡಿರಬಹುದು. ಇದಕ್ಕೆ ಪಾರಸಿಯಲ್ಲಿ 'ಅಬ್ರಿ' ಎಂದು ಹೆಸರು, ಅಂದರೆ ಮೋಡದಂಥದ್ದು. ಜತ್ತ, ಅಕ್ಕಲಕೋಟೆಯ ಮಕ್ಕಳಿಗೆ ಹತ್ತಿರದ ಊರಾದ ವಿಜಯಪುರಕ್ಕೂ ಈ ಕಲೆಗೂ ನಂಟಿದೆ. 17ನೇ ಶತಮಾನದಲ್ಲಿ ಆದಿಲ್‌ಶಾಹಿ ಕಾಲದ ಕಲಾವಿದರು ಈ ಕಾಗದವನ್ನು ಬರೀ ಅಂಚಿಗೆ ಬಳಸದೆ, ಅದರಿಂದಲೇ ಚಿತ್ರ ಮಾಡಿದರು. ಬಣ್ಣ ಹಿಡಿಯಬಾರದ ಜಾಗವನ್ನು ಮುಚ್ಚಿ, ಉಳಿದ ಜಾಗಕ್ಕೆ ಮಾತ್ರ ಮೋಡದ ಬಣ್ಣ ಹಿಡಿಸಿದರು. ಹಾಗೆ ಮಾಡಿದ ಬಡಕಲು ಕುದುರೆಯ ಚಿತ್ರವೊಂದು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಇದರ ಗುಟ್ಟು ನೀರಿನ ಮೇಲ್ಮೈ ಎಳೆತದಲ್ಲಿದೆ. ಲೋಳೆ ಬೆರೆಸಿ ಮಂದ ಮಾಡಿದ ನೀರಿನ ಮೇಲೆ ಬಣ್ಣದ ಹನಿ ಬಿಡುತ್ತಾರೆ. ಬಣ್ಣಕ್ಕೆ ಪ್ರಾಣಿಯ ಪಿತ್ತರಸದಂಥ ವಸ್ತು ಸೇರಿಸಿರುತ್ತಾರೆ. ಅದು ಸಾಬೂನಿನಂತೆ ಮೇಲ್ಮೈ ಎಳೆತವನ್ನು ಕಡಿಮೆ ಮಾಡುವುದರಿಂದ ಹನಿ ಮುಳುಗದೆ ಹರಡುತ್ತದೆ. ಕಡ್ಡಿಯಿಂದ ಗೆರೆ ಎಳೆದು, ಪಟಿಕದ ನೀರು ಸವರಿದ ಕಾಗದವನ್ನು ಮೇಲೆ ಮಲಗಿಸಿ ಎತ್ತಿದರೆ ಚಿತ್ರ ಕಾಗದಕ್ಕೆ ಬರುತ್ತದೆ. ಒಮ್ಮೆ ಬಂದ ಚಿತ್ರ ಇನ್ನೊಮ್ಮೆ ಹಾಗೆಯೇ ಬರುವುದಿಲ್ಲ.

ಮಾಡಿ ನೋಡಿ: ಅಗಲ ತಟ್ಟೆಯಲ್ಲಿ ನೀರು ಹಾಕಿ. ಬಣ್ಣದ ಸೀಮೆಸುಣ್ಣವನ್ನು ಅದರ ಮೇಲೆ ಮೆಲ್ಲಗೆ ಕೆರೆಯಿರಿ. ಹುಡಿ ತೇಲುತ್ತದೆ. ಬಿಳಿ ಹಾಳೆಯನ್ನು ಮೇಲಿಟ್ಟು ಎತ್ತಿ ಒಣಗಿಸಿ. ಈಗ ಉಳಿದ ಹುಡಿಯ ನಡುವೆ ಸಾಬೂನು ತಾಗಿಸಿದ ಬೆರಳು ಮುಟ್ಟಿಸಿ. ಹುಡಿ ಯಾವ ಕಡೆ ಓಡಿತು? ಯಾಕೆ ಎಂದು ತರಗತಿಯಲ್ಲಿ ಚರ್ಚಿಸಿ.

ಅಂಟು: ಕಡಿಮೆಯಾದಷ್ಟೂ ಒಳ್ಳೆಯದು

ಫೆವಿಕಾಲಿನಂಥ ಬಿಳಿ ಅಂಟು ನೀರಿನಲ್ಲಿ ಕಲಸಿದ ಪ್ಲಾಸ್ಟಿಕ್ ಜಾತಿಯ ವಸ್ತು. ನೀರು ಆರಿದಾಗ ಅದು ಕುಗ್ಗುತ್ತದೆ, ಕಾಗದವನ್ನೂ ತನ್ನ ಜೊತೆ ಎಳೆಯುತ್ತದೆ. ಹಾಗಾಗಿ ತೆಳುವಾಗಿ, ಎಲ್ಲ ಕಡೆ ಸಮನಾಗಿ ಹಚ್ಚಿ. ಅಂಟಿಸಿದ ಮೇಲೆ ಪುಸ್ತಕಗಳ ಭಾರದಡಿ ಒಂದು ರಾತ್ರಿ ಇಡಿ. ಬೇಗ ಆಗಬೇಕು ಎಂದಾದರೆ ಅಂಟಿನ ಕಡ್ಡಿ, ಅಂದರೆ ಗ್ಲೂ ಸ್ಟಿಕ್, ಒಳ್ಳೆಯದು. ಅದರಲ್ಲಿ ನೀರು ಕಡಿಮೆ.

ಮೈದಾ ಗಂಜಿಯೂ ಗಟ್ಟಿ ಅಂಟೇ. ಬಿಸಿ ನೀರಿನಲ್ಲಿ ಪಿಷ್ಟದ ಕಣಗಳು ಊದಿ ಒಡೆದು ಅಂಟಾಗುತ್ತವೆ. ಆದರೆ ಪಿಷ್ಟ ಹುಳುಗಳಿಗೂ ಊಟ. ಕಾಸರಗೋಡು, ವಯನಾಡು, ನೀಲಗಿರಿಯ ಮಳೆಗಾಲದಲ್ಲಿ ಅದಕ್ಕೆ ಬೂಸು ಬೇರೆ ಹಿಡಿಯುತ್ತದೆ. ಹುಳು ಬರದಿರಲಿ ಎಂದು ಕೆಲವರು ಗಂಜಿಗೆ ಮೈಲುತುತ್ತು ಹಾಕುತ್ತಾರೆ. ಅದು ವಿಷ, ನೀವು ಮುಟ್ಟಲೇಬೇಡಿ.

ನಮ್ಮ ಹಿರಿಯರು ಹುಣಸೆಬೀಜದ ಅಂಟನ್ನೂ ಬಳಸುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಮಡಚಿ ಕಪ್ಪು ಪುಸ್ತಕ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಅದಕ್ಕೆ ಕಡತ ಎಂದು ಹೆಸರು. ಇಂದು ಆಫೀಸಿನ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಪದ ಬಂದದ್ದು ಅಲ್ಲಿಂದ.

ಸೆಲ್ಲೋ ಟೇಪು ಮಾತ್ರ ಪತ್ರಿಕೆಗೆ ಬೇಡ. ಕೆಲವು ವರ್ಷಗಳಲ್ಲಿ ಅದರ ಪಟ್ಟಿ ಕಳಚಿ ಬೀಳುತ್ತದೆ, ಕಂದು ಕಲೆ ಮಾತ್ರ ಕಾಗದದಲ್ಲಿ ಉಳಿಯುತ್ತದೆ. ಹರಿದ ಪುಟಕ್ಕೆ ತೆಳುವಾದ ಬಿಳಿ ಕಾಗದದ ಪಟ್ಟಿ, ಸ್ವಲ್ಪ ಗಂಜಿ ಸಾಕು. ಹೊಲಿಗೆಗೆ ಪಿನ್ನಿಗಿಂತ ಹತ್ತಿಯ ದಾರ ವಾಸಿ. ತೇವದ ಊರಲ್ಲಿ ಪಿನ್ನು ತುಕ್ಕು ಹಿಡಿದು ಕಾಗದವನ್ನೂ ತಿನ್ನುತ್ತದೆ.

ಮಿಂಚು ಎಲ್ಲಿಗೆ ಹೋಗುತ್ತದೆ?

ಹೊದಿಕೆಯ ಮೇಲೆ ಗ್ಲಿಟರ್ ಉದುರಿಸಲು ಎಲ್ಲರಿಗೂ ಆಸೆ. ಸಾಮಾನ್ಯ ಗ್ಲಿಟರ್ ಎಂದರೆ ಅಲ್ಯೂಮಿನಿಯಂ ಲೇಪಿಸಿದ ತೆಳು ಪ್ಲಾಸ್ಟಿಕ್ಕನ್ನು ಸಣ್ಣದಾಗಿ ಕತ್ತರಿಸಿದ ಚೂರು. ಗುಡಿಸಿದರೂ ಹೋಗುವುದಿಲ್ಲ, ತೊಳೆದರೆ ಮೋರಿಗೆ, ಮೋರಿಯಿಂದ ಹೊಳೆಗೆ. ಮಣ್ಣಿನಲ್ಲೂ ಕೊಳೆಯುವುದಿಲ್ಲ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರಿನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರಿನ ಮಾರಾಟವನ್ನು ನಿಲ್ಲಿಸಿರುವುದು ಇದೇ ಕಾರಣಕ್ಕೆ. ಹಿಂದಿನವರು ಹೊಳಪಿಗೆ ಕಾಗೆ ಬಂಗಾರದ ಪುಡಿ ಬಳಸುತ್ತಿದ್ದರು. ಅದು ಪದರ ಪದರವಾಗಿ ಬಿಡಿಸಿಕೊಳ್ಳುವ ಖನಿಜ. ನೀವು ಬಣ್ಣ ಹಾಕಿದ ಮರದ ಹುಡಿ, ರಂಗೋಲಿ ಹುಡಿ, ಒತ್ತಿ ಒಣಗಿಸಿದ ಎಲೆ ಬಳಸಿ ನೋಡಿ.

ಹಳದಿಯಾಗುವುದು ಯಾಕೆ?

ಮರದಲ್ಲಿ ನಾರುಗಳನ್ನು ಬೆಸೆದು ಹಿಡಿಯುವ ಲಿಗ್ನಿನ್ ಎಂಬ ವಸ್ತು ಇದೆ. ಬೆಳಕು ಮತ್ತು ಗಾಳಿ ತಾಗಿದರೆ ಅದು ಹಳದಿಯಾಗುತ್ತದೆ. ದಿನಪತ್ರಿಕೆಯ ಅಗ್ಗದ ಕಾಗದದಲ್ಲಿ ಲಿಗ್ನಿನ್ ಹಾಗೆಯೇ ಉಳಿದಿರುತ್ತದೆ, ಬರೆಯುವ ಒಳ್ಳೆ ಹಾಳೆಯಲ್ಲಿ ಅದನ್ನು ಬಹುಪಾಲು ತೆಗೆದಿರುತ್ತಾರೆ. ಇನ್ನೊಂದು ಕಾರಣ ಆಮ್ಲ. ಶಾಯಿ ಹರಡದಿರಲಿ ಎಂದು ಕಾಗದಕ್ಕೆ ರಾಳ ಮತ್ತು ಪಟಿಕ ಸೇರಿಸುವ ವಿಧಾನವನ್ನು ಜರ್ಮನಿಯ ಮೊರಿಟ್ಸ್ ಇಲಿಗ್ 1807ರಲ್ಲಿ ಪ್ರಕಟಿಸಿದ. ಅದು ಲೋಕವೆಲ್ಲ ಹರಡಿತು. ಆದರೆ ಪಟಿಕದಿಂದ ಕಾಗದ ಆಮ್ಲೀಯವಾಗುತ್ತದೆ. ಆಮ್ಲ ನಾರಿನ ಸೆಲ್ಯುಲೋಸ್ ಸರಪಳಿಯನ್ನು ಮೆಲ್ಲಮೆಲ್ಲಗೆ ಕತ್ತರಿಸುತ್ತದೆ. ಗ್ರಂಥಾಲಯದ ಹಳೆಯ ಪುಸ್ತಕಗಳು ಮುಟ್ಟಿದರೆ ಮುರಿಯುವುದು ಇದರಿಂದ. ಈಗ ಅನೇಕ ಕಾರ್ಖಾನೆಗಳು ಪಟಿಕ ಬಿಟ್ಟು ಸುಣ್ಣದ ಕಲ್ಲಿನ ಜಾತಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಬಳಸುತ್ತವೆ. ಅದು ಆಮ್ಲವನ್ನು ತಣಿಸುತ್ತದೆ. 'ಆಮ್ಲರಹಿತ' ಎಂಬ ಹಾಳೆ ಸಿಕ್ಕರೆ ಪತ್ರಿಕೆಗೆ ಅದನ್ನೇ ಕೊಳ್ಳಿ.

ಮಾಡಿ ನೋಡಿ: ದಿನಪತ್ರಿಕೆ, ನೋಟ್‌ಬುಕ್ ಹಾಳೆ, ನಾಲ್ಕಾರು ಬಣ್ಣದ ಕಾಗದ, ಸ್ಕೆಚ್ ಪೆನ್ನಿನ ಗೆರೆ ಎಲ್ಲವನ್ನೂ ಒಂದು ರಟ್ಟಿಗೆ ಸಿಕ್ಕಿಸಿ. ಪ್ರತಿಯೊಂದರ ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಇಡಿ. ಆಮೇಲೆ ಮುಚ್ಚಳ ತೆಗೆದು ಹೋಲಿಸಿ. ಯಾವ ಬಣ್ಣ ಮಾಸಿತು, ಯಾವುದು ಉಳಿಯಿತು, ಯಾವುದು ಹಳದಿಯಾಯಿತು ಎಂದು ಪಟ್ಟಿ ಮಾಡಿ. ಮಾಸದೆ ಉಳಿದವನ್ನೇ ಹೊದಿಕೆಗೆ ಆರಿಸಿ.

ಕೊನೆಗೆ ಒಂದು ಕೆಲಸ. ಪತ್ರಿಕೆ ಮುಗಿದ ಮೇಲೆ ಅದರ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ನಾಲ್ಕು ಸಾಲು ಬರೆಯಿರಿ: ಯಾವ ಕಾಗದ, ಎಷ್ಟು ಜಿ.ಎಸ್.ಎಂ., ಯಾವ ಅಂಟು, ಯಾವ ಶಾಯಿ, ಯಾವ ತಿಂಗಳು, ಯಾವ ವರ್ಷ. ಪೆನ್ಸಿಲ್ ಯಾಕೆ ಅಂದ್ರೆ ಅದರ ಗೆರೆ ಇಂಗಾಲದ್ದು, ಬಿಸಿಲಿಗೂ ಮಾಸುವುದಿಲ್ಲ, ನೀರಿಗೂ ಹರಡುವುದಿಲ್ಲ. ಆಮೇಲೆ ಪತ್ರಿಕೆಯನ್ನು ಕಬ್ಬಿಣದ ಕಪಾಟಿನಲ್ಲಿ, ಗೋಡೆಗೆ ತಾಗದಂತೆ, ಬೆಳಕು ಬೀಳದಂತೆ ಮಲಗಿಸಿ ಇಡಿ. ಮುಂದಿನ ವರ್ಷದ ತಂಡ ಅದನ್ನು ತೆಗೆದು, ಏನು ಬದಲಾಯಿತು ಎಂದು ಕೆಳಗೆ ಒಂದು ಸಾಲು ಸೇರಿಸಲಿ. ಅದರ ಮುಂದಿನ ವರ್ಷದವರು ಇನ್ನೊಂದು. ಹೀಗೆ ನಡೆದರೆ ನಿಮ್ಮ ಕನ್ನಡ ಶಾಲೆಯಲ್ಲಿ ಪ್ರತಿವರ್ಷ ಹೊಸ ಮಕ್ಕಳು ಮುಂದುವರಿಸುವ ಒಂದು ಪ್ರಯೋಗ ಇರುತ್ತದೆ. ಅದನ್ನು ನೋಡುವ ನೆಪದಲ್ಲಿ ಅವರು ನೀವು ಬರೆದದ್ದನ್ನೂ ಓದುತ್ತಾರೆ.