ಮಕ್ಕಳಲ್ಲಿ ನಂಬಿಕೆ ಬೆಳೆಯುವ ಬಗೆ

ಮಗುವನ್ನು ಅಂಗನವಾಡಿಯಲ್ಲಿ ಕೂರಿಸಿ, ಅದು ಆಟಿಕೆಯತ್ತ ತಿರುಗಿದೊಡನೆ ಕಣ್ತಪ್ಪಿಸಿ ಹೊರಟುಬರುವುದು ನಮ್ಮಲ್ಲಿ ಅನೇಕರ ರೂಢಿ. ಆ ಗಳಿಗೆಯ ಅಳುವೇನೋ ತಪ್ಪುತ್ತದೆ. ಆದರೆ ತಿರುಗಿ ನೋಡಿದಾಗ ತಾಯಿಯನ್ನು ಕಾಣದ ಮಗು ಮರುದಿನ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ನಾವು ಅದನ್ನು ಹಟವೆನ್ನುತ್ತೇವೆ. ಮಗುವಿನ ಪಾಲಿಗೆ ಅದು ಅನುಭವದ ಪಾಠ.

ಪರರನ್ನು ನಂಬುವುದನ್ನೂ ಪರರ ನಂಬಿಕೆಗೆ ಪಾತ್ರರಾಗುವುದನ್ನೂ ಮಕ್ಕಳು ಉಪದೇಶದಿಂದ ಕಲಿಯುವುದು ಅಲ್ಪ. ಹಿರಿಯರು ಆಡಿದ ಮಾತು ನಿಜವಾಯಿತೇ ಇಲ್ಲವೇ ಎಂಬುದನ್ನು ನೋಡಿ ಕಲಿಯುವುದೇ ಹೆಚ್ಚು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಮೂರರಿಂದ ಐದು ವರ್ಷದ 28 ಮಕ್ಕಳಿಗೆ ಸವೆದ ಬಣ್ಣದ ಕಡ್ಡಿಗಳನ್ನು ಕೊಟ್ಟು, ಕಾದರೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ತರುವುದಾಗಿ ಹೇಳಲಾಯಿತು. ಅರ್ಧದಷ್ಟು ಮಕ್ಕಳಿಗೆ ಹೇಳಿದಂತೆಯೇ ತಂದುಕೊಟ್ಟರು. ಉಳಿದವರ ಬಳಿಗೆ ಬರಿಗೈಯಲ್ಲಿ ಮರಳಿದರು. ಬಳಿಕ ಪ್ರತಿ ಮಗುವಿನ ಮುಂದೆ ಒಂದು ಮಿಠಾಯಿಯನ್ನಿಟ್ಟು, ತಿನ್ನದೆ ಕಾದರೆ ಎರಡು ದೊರೆಯುವುದೆಂದರು. ಮಾತು ಉಳಿದುದನ್ನು ಕಂಡಿದ್ದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದುದನ್ನು ಕಂಡವರು ಕಾದದ್ದು 3 ನಿಮಿಷ ಮಾತ್ರ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನ 14 ಮಕ್ಕಳಲ್ಲಿ 9, ಎರಡನೆಯ ಗುಂಪಿನಲ್ಲಿ ಒಂದೇ ಮಗು. ಮಕ್ಕಳ ಸಂಖ್ಯೆ ಚಿಕ್ಕದು, ನಿಜ. ಆದರೂ ಎರಡನೆಯ ಗುಂಪಿಗೆ ಸಂಯಮವಿಲ್ಲವೆಂದು ದೂರಲಾದೀತೆ? ಕಾದು ಫಲವಿಲ್ಲವೆಂದು ಅವರಿಗೆ ಆಗಲೇ ತಿಳಿದಿತ್ತು.

ಲಸಿಕೆಗೆ ಕರೆದೊಯ್ಯುವಾಗ ‘ಏನೂ ನೋಯುವುದಿಲ್ಲ’ ಎನ್ನುತ್ತೇವೆ. ‘ಸ್ವಲ್ಪ ನೋಯುತ್ತದೆ, ನಾನು ಕೈ ಹಿಡಿದಿರುತ್ತೇನೆ ಕಂದಾ’ ಎಂದರೆ ಮಗು ಅತ್ತರೂ ನಮ್ಮ ಮಾತನ್ನು ಸಂಶಯಿಸದು. ಉಣ್ಣದಿದ್ದರೆ ಪೊಲೀಸರಿಗೆ ಹಿಡಿದುಕೊಡುವುದಾಗಿ ಹೆದರಿಸುವುದಂತೂ ಸರ್ವಥಾ ಸಲ್ಲದು. ಜಾತ್ರೆಯ ಜನಜಂಗುಳಿಯಲ್ಲಿ ದಾರಿ ತಪ್ಪಿದ ದಿನ ಮಗು ಹೋಗಬೇಕಾದುದು ಅದೇ ಪೊಲೀಸರ ಬಳಿಗೆ. ಕೊಟ್ಟ ಮಾತು ನಡೆಸಲಾಗದ ದಿನ ಕಾರಣವನ್ನು ತಿಳಿಸಿ, ‘ತಪ್ಪಾಯಿತು’ ಎಂದರೆ ಹಿರಿತನಕ್ಕೆ ಕುಂದಿಲ್ಲ.

ಮಗುವೂ ನಂಬಿಕೆಯನ್ನು ಗಳಿಸುವುದು ಸಣ್ಣ ಸಂಗತಿಗಳಿಂದಲೇ. ಗೆಳೆಯನಿಂದ ತಂದ ಬಳಪವನ್ನು ಅದರ ಕೈಯಿಂದಲೇ ಹಿಂದಿರುಗಿಸಲಿ. ಲೋಟ ಒಡೆದುದನ್ನು ತಾನಾಗಿ ಒಪ್ಪಿಕೊಂಡಾಗ ಏಟು ಬಿದ್ದರೆ, ಮುಂದಿನ ಸಲ ತಪ್ಪು ಬೆಕ್ಕಿನದಾಗುತ್ತದೆ. ಒಪ್ಪಿಕೊಂಡುದನ್ನು ಮೆಚ್ಚಿ, ಚೂರುಗಳನ್ನು ನಾವೇ ಆಯ್ದು, ನೆಲ ಒರೆಸಲು ಅದನ್ನು ಜೊತೆಗೆ ಕರೆದುಕೊಂಡರೆ ಸಾಕು.

ಎಲ್ಲರನ್ನೂ ನಂಬೆಂದು ಕಲಿಸುವುದು ಮಾತ್ರ ಅಪಾಯಕರ. ಬಂಧುಗಳೇ ಆಗಲಿ, ಮಗು ಒಲ್ಲೆನೆಂದಾಗ ಬಲವಂತವಾಗಿ ಅವರ ತೊಡೆಯ ಮೇಲೆ ಕೂರಿಸಬಾರದು. ‘ಅಮ್ಮನಿಗೆ ಹೇಳಬೇಡ’ ಎಂದು ಯಾರಾದರೂ ಅಂದರೆ ಅದನ್ನು ತಪ್ಪದೆ ಅಮ್ಮನಿಗೆ ಹೇಳಬೇಕೆಂದು ಮೊದಲೇ ತಿಳಿಸಿರಬೇಕು. ಹಾಗೆ ಬಂದು ಹೇಳಿದ ದಿನ ‘ಅವರು ಅಂಥವರಲ್ಲ, ಸುಮ್ಮನಿರು’ ಎಂದು ಬಾಯಿ ಮುಚ್ಚಿಸದೆ ಪೂರ್ತಿ ಆಲಿಸಬೇಕು. ನೆರವು ಬೇಕಾದಲ್ಲಿ ಮಕ್ಕಳ ಸಹಾಯವಾಣಿ 1098 ಹಗಲಿರುಳೂ ದೊರೆಯುತ್ತದೆ.