ನಮ್ಮ ಮೇಜಿನ ಮೇಲೊಂದು 'ಮಾರುತ'

ಕಸೂತಿ, ಹೆಣಿಗೆ, ಮಣಿ ಕೆಲಸ ಇವೆಲ್ಲ ನಮ್ಮ ಕೈಗೆ ಒಗ್ಗಿದವು, ಸರಿ. ಆದರೆ ವಿಮಾನ ಕಟ್ಟೋದು? 'ಇದೇನಮ್ಮ ಇವಳ ಹೊಸ ಹುಚ್ಚು' ಅಂತ ನೀವು ಮೂಗಿನ ಮೇಲೆ ಬೆರಳಿಡಬಹುದು. ಸ್ವಲ್ಪ ತಾಳಿ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕಿ ಗೊತ್ತಿರುವವರಿಗೆ ಈ ಕೆಲಸದ ಅರ್ಧ ಗುಟ್ಟು ಆಗಲೇ ಗೊತ್ತು.

ಮಾದರಿ ವಿಮಾನಗಳಲ್ಲಿ ಅಂಗಡಿಯಲ್ಲಿ ಹೆಚ್ಚಾಗಿ ಸಿಗೋದು ಪ್ಲಾಸ್ಟಿಕ್ಕಿನವು. ಲೋಹದ ಅಚ್ಚಿನಿಂದ ಸಾವಿರಗಟ್ಟಲೆ ಬರುತ್ತವೆ. ಹೆಚ್ಚು ಜನ ಕೇಳದ ವಿಮಾನಕ್ಕೆ ಅಂಥ ಅಚ್ಚು ಮಾಡಿಸಿದರೆ ಗಿಟ್ಟುವುದಿಲ್ಲ. ಅದಕ್ಕೇ ಅವನ್ನು ರೆಸಿನ್‌ನಲ್ಲಿ ಎರಕ ಹೊಯ್ಯುತ್ತಾರೆ. ಎರಡು ದ್ರವ ಬೆರೆಸಿ ರಬ್ಬರಿನ ಅಚ್ಚಿಗೆ ಸುರಿದರೆ ಸ್ವಲ್ಪ ಹೊತ್ತಿನಲ್ಲೇ ಗಟ್ಟಿ. ಥೇಟ್ ನಮ್ಮ ಸಕ್ಕರೆ ಪಾಕ! ಹದ ತಪ್ಪಿದರೆ ಕೆಟ್ಟಿತು, ಗಾಳಿಗುಳ್ಳೆ ಸೇರಿದರೆ ತೂತು, ಸುರಿದ ಬಾಯಲ್ಲಿ ದಪ್ಪ ಗಡ್ಡೆ. ಅಜ್ಜಿ ಕಾಲದ ಮರದ ಅಚ್ಚು ನಮ್ಮ ಮೊಮ್ಮಕ್ಕಳಿಗೂ ಬಂದೀತು. ರಬ್ಬರಿನದು ಹಾಗಲ್ಲ, ಕೆಲವು ಸಲ ತೆಗೆಯೋಷ್ಟರಲ್ಲಿ ಹರಿಯುತ್ತೆ. ಇವುಗಳ ಬೆಲೆ ಜಾಸ್ತಿ ಇರೋದಕ್ಕೆ ಅದೂ ಒಂದು ಕಾರಣ.

ನಾನು ಕಟ್ಟಿದ್ದು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಹುಟ್ಟಿದ 'ಮಾರುತ' ಯುದ್ಧವಿಮಾನ. ಎಚ್.ಎಫ್.-24 ಅಂತ ಅದರ ಕಾಗದದ ಹೆಸರು. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬಂದು ನಮ್ಮ ಇಂಜಿನಿಯರುಗಳ ಜೊತೆ ಸೇರಿ ರೂಪಿಸಿದ್ದು. ಲೋಹದ ವಿಮಾನ ಹಾರೋಕೆ ಮೊದಲು ಅವರು ಏನು ಮಾಡಿದರು ಗೊತ್ತೇ? ಅದೇ ಅಳತೆಯ ಮರದ ವಿಮಾನ ಮಾಡಿ, ಇಂಜಿನ್ ಇಲ್ಲದೆ, 1959ರಲ್ಲಿ ಡಕೋಟ ವಿಮಾನದಿಂದ ಎಳೆಸಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ನಿಜವಾದ ಮಾರುತವನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿ 10ರಂದು ಮಾರುತದ ಅಪಘಾತದಲ್ಲೇ ಅವರು ತೀರಿಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಓಡಾಡೋರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹಾರಿದವು. ಆದರೆ ಅದರ ಮೈಕಟ್ಟಿಗೆ ತಕ್ಕ ಬಲದ ಇಂಜಿನ್ ಕೊನೆವರೆಗೂ ಸಿಗಲಿಲ್ಲ. ಒಳ್ಳೇ ಹುಡುಗಿಗೆ ತಕ್ಕ ಮನೆ ಸಿಗದ ಹಾಗಾಯಿತು ನೋಡಿ. 1990ರ ಹೊತ್ತಿಗೆ ವಾಯುಪಡೆಯಿಂದ ನಿವೃತ್ತಿಯಾಯಿತು.

ನಮ್ಮ ಮಾವನವರು ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಈಗ 77 ವರ್ಷ, ನಮ್ಮ ಜೊತೆ ತಿಪಟೂರಿನಲ್ಲೇ ಇದ್ದಾರೆ. ಎರಡು ವರ್ಷದಿಂದ ಮರೆವು. ಬೆಳಿಗ್ಗೆ ತಿಂದ ಉಪ್ಪಿಟ್ಟು ಮಧ್ಯಾಹ್ನಕ್ಕೆ ನೆನಪಿರಲ್ಲ, ಆದರೆ ಕಾರ್ಖಾನೆಯ ಒಂದೊಂದು ರಿವೆಟ್ ಸಾಲು ನೆನಪಿದೆ. 'ಹಳೆಯದೂ ನಿಧಾನವಾಗಿ ಹೋಗುತ್ತೆ, ಇರುವಾಗ ಮಾತಾಡಿಸಿ' ಅಂದರು ಡಾಕ್ಟರು. ಮಗ ಬೆಂಗಳೂರಿನಿಂದ ಮಾರುತದ ರೆಸಿನ್ ಪೆಟ್ಟಿಗೆ ತಂದಾಗ ಮಾವ ತುಂಡುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ, 'ಇದು ಒಂದೇ ಸೀಟಿಂದಮ್ಮ. ನಾನು ಕೆಲಸ ಮಾಡಿದ್ದು ಎರಡು ಸೀಟಿನದರಲ್ಲಿ' ಅಂದರು. ಆ 147ರಲ್ಲಿ ಎರಡು ಸೀಟಿನವು ಬರೀ 18. ಯಜಮಾನರಿಗೂ ಮಗನಿಗೂ ಬಿಡುವಿಲ್ಲ. ಹಾಗಾಗಿ ನಾನೇ ಕೂತೆ.

ಮೊದಲು ಸ್ನಾನ. ಅಚ್ಚಿಗೆ ಅಂಟದಿರಲೆಂದು ಸವರಿದ ಜಿಡ್ಡು ತುಂಡುಗಳ ಮೇಲೆ ಉಳಿದಿರುತ್ತೆ. ತೊಳೆಯದಿದ್ದರೆ ಬಣ್ಣ ನಿಲ್ಲದು. ಪಾತ್ರೆ ತೊಳೆಯೋ ಸೋಪಿನ ಉಗುರುಬೆಚ್ಚನೆ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಜರಡಿಯಲ್ಲಿಟ್ಟು ತೊಳೆಯಿರಿ, ಅಕ್ಕಿಕಾಳಿನಷ್ಟು ಚಕ್ರ ಮೋರಿ ಸೇರಿದರೆ ಸಿಕ್ಕೋದಲ್ಲ. ಸೊಟ್ಟಗಿದ್ದ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ನೇರ ಮಾಡಿ, ತಣ್ಣೀರಿಗೆ ಹಿಡಿದರೆ ಹಾಗೇ ನಿಲ್ಲುತ್ತೆ.

ಆಮೇಲೆ ಸುರಿದ ಬಾಯಿನ ಗಡ್ಡೆಯನ್ನು ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದು, ಉಜ್ಜಿ ನಯ ಮಾಡಬೇಕು. ಈ ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ರೆಸಿನ್ ಪುಡಿ ಹಿಟ್ಟಿಗಿಂತ ನುಣುಪು, ಉಸಿರಿನ ಜೊತೆ ಒಳಗೆ ಹೋದರೆ ಎದೆಗೆ ಒಳ್ಳೆಯದಲ್ಲ. ಕೊಯ್ಯುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ. ಉಜ್ಜೋದನ್ನು ನೀರಿನಲ್ಲಿ ಬಳಸುವ ಕಪ್ಪು ಉಪ್ಪುಕಾಗದದಿಂದ, ಬೋಗುಣಿಯ ನೀರಿನಲ್ಲಿ ಅದ್ದಿಯೇ ಮಾಡಿ. ಆ ಬೋಗುಣಿ ಮತ್ತೆ ಅಡಿಗೆಮನೆಗೆ ಬರಕೂಡದು. ನಾನು ಕೂರೋದು ಹಿತ್ತಲ ಜಗಲಿಯ ಮೇಲೆ. ಮಾವನವರಿಗೆ ಕೆಮ್ಮಿದೆ, ಅವರ ಕೈಗೆ ಕೊಡೋದು ತೊಳೆದು ಒರೆಸಿದ ಮೇಲೇ.

ಪ್ಲಾಸ್ಟಿಕ್ ಅಂಟು ರೆಸಿನ್ ಹಿಡಿಯೋದಿಲ್ಲ. ಫೆವಿಕ್ವಿಕ್ ಜಾತಿಯದು, ಇಲ್ಲವೇ ಆರಾಲ್ಡೈಟ್ ಬೇಕು. ಫೆವಿಕ್ವಿಕ್ ಚೆಲ್ಲಿದರೆ ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿಗೆ ತಗುಲಿದರೆ ಅದು ಕಾದು ಕೈ ಸುಡೋದುಂಟು. ಬೆರಳು ಅಂಟಿದರೆ ಎಳೆಯದೆ ಬೆಚ್ಚನೆ ಸೋಪಿನ ನೀರಿನಲ್ಲಿ ನೆನೆಸಿ. ಕಣ್ಣಿಗೆ ಸಿಡಿದರೆ ಉಜ್ಜದೆ, ರೆಪ್ಪೆ ಎಳೆಯದೆ, ಉಗುರುಬೆಚ್ಚನೆ ನೀರು ಹಾಯಿಸಿ ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಇನ್ನು ಎರಡನೇ ಸೀಟು. ಈ ಮಾದರಿ 72ರಲ್ಲಿ ಒಂದು ಪಾಲು. 15.87 ಮೀಟರ್ ಉದ್ದದ ವಿಮಾನ 22 ಸೆಂಟಿಮೀಟರಿಗೆ, 9 ಮೀಟರ್ ರೆಕ್ಕೆ ಹನ್ನೆರಡೂವರೆಗೆ ಇಳಿದಿದೆ. ನಮ್ಮ ಕೈ ಒಂದು ಮಿಲಿಮೀಟರ್ ಜಾರಿದರೆ ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರಿಗೂ ಮಿಕ್ಕಿ ಜಾರಿದ ಹಾಗೆ. ಒಂದು ಸೀಟಿನದರ ಹೊಟ್ಟೆಯಲ್ಲಿ ರಾಕೆಟ್ ಪೆಟ್ಟಿಗೆ ಇತ್ತಂತೆ, ಅದನ್ನು ತೆಗೆದು ಆ ಜಾಗಕ್ಕೆ ಹಿಂದಿನ ಸೀಟು ಕೂರಿಸಿದರು. ಅಂದರೆ ಬೆನ್ನು ಕೊಯ್ದರೆ ಮುಗಿಯಲಿಲ್ಲ, ಹೊಟ್ಟೆಯ ಮೇಲಿನ ಪೆಟ್ಟಿಗೆಯ ಗೆರೆಗಳನ್ನೂ ಪುಟ್ಟಿ ಹಾಕಿ ಮುಚ್ಚಬೇಕು. ಮಾವನವರು ರೆಸಿನ್ ಮೇಲೇ ಪೆನ್ಸಿಲಿನಲ್ಲಿ ಗೆರೆ ಎಳೆದರು. ಕೈ ನಡುಗುತ್ತೆ, ಗೆರೆ ಮಾತ್ರ ಸರಿಯಾಗಿ ಬಂತು. ಫೋಟೋ ಜೊತೆ ಹೋಲಿಸಿ ನೋಡಿದೆ, ಅವರದೇ ಸರಿ. ಒಡಲು ಎರಡು ಹೋಳಾಗಿ ಬಂದದ್ದು ಅನುಕೂಲವಾಯಿತು. ಗೆರೆಯುದ್ದಕ್ಕೂ ಸಾಲಾಗಿ ಸಣ್ಣ ತೂತು ಕೊರೆದು, ತೂತುಗಳ ನಡುವೆ ಚಾಕುವಿನಿಂದ ಕೊಯ್ದೆ. ಒಂದೇ ಸಲಕ್ಕೆ ಗರಗಸ ಹಾಕಿದರೆ ರೆಸಿನ್ ಬಿಸ್ಕತ್ತಿನ ಹಾಗೆ ಮುರಿಯುತ್ತೆ.

ಸೀಟುಗಳ ಮೇಲಿನ ಗಾಜಿನ ಹೊದಿಕೆಗೆ ಬೇಕರಿ ಡಬ್ಬದ ಪಾರದರ್ಶಕ ಮುಚ್ಚಳ ಉಪಯೋಗಕ್ಕೆ ಬಂತು. ಹೊದಿಕೆಯ ಆಕಾರಕ್ಕೆ ಮರದ ತುಂಡೊಂದನ್ನು ಕೆತ್ತಿ, ಮುಚ್ಚಳವನ್ನು ಶಾಖಕ್ಕೆ ಹಿಡಿದು, ಜೋತಾಡುವಾಗ ಮರದ ಮೇಲೆ ಒತ್ತಿ ಎಳೆಯಬೇಕು. ಬೆಂಕಿಗೆ ನೇರ ಹಿಡಿಯಬೇಡಿ. ನನಗೆ ನಾಲ್ಕನೆಯದು ಹದಕ್ಕೆ ಬಂತು. ಹಪ್ಪಳ ಸುಡುವ ಕೈ ಇದ್ದವರಿಗೆ ಇನ್ನೂ ಬೇಗ ಬಂದೀತು.

ಮಾರುತದ ಚೆಲುವೆಲ್ಲ ಅದರ ಸೊಂಟದಲ್ಲಿ. ರೆಕ್ಕೆ ಸೇರುವ ಕಡೆ ಒಡಲು ಒಳಕ್ಕೆ ಸರಿದಿದೆ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಕಡಿಮೆಯಾಗಲೆಂದು ಹಾಗೆ. ಪುಟ್ಟಿ ಹಾಕಿ ಉಜ್ಜುವಾಗ ಈ ಸೊಂಟ ಮಾಯವಾದರೆ ವಿಮಾನ ಬದನೇಕಾಯಿ ಆಗುತ್ತೆ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿರುವ ಮಾರುತವನ್ನು ಪಕ್ಕದಿಂದ ನೋಡಿ, ನಾನು ಹೇಳಿದ್ದು ತಿಳಿಯುತ್ತೆ. ಇನ್ನೊಂದು ವಿಷಯ: ರೆಸಿನ್ ಭಾರ. ಮೂಗಿನೊಳಗೆ ನಾಲ್ಕು ನಟ್ಟು ತುಂಬದಿದ್ದರೆ ಬಾಲ ಕುಸಿದು ಕೂರುತ್ತೆ. ಕಾಲುಗಳಿಗೂ ಹಿತ್ತಾಳೆ ತಂತಿಯ ಆಸರೆ ಬೇಕು, ಇಲ್ಲವಾದರೆ ನಮ್ಮೂರ ಬೇಸಿಗೆಯಲ್ಲಿ ಮಂಡಿ ಬಗ್ಗುತ್ತವೆ.

ಬಣ್ಣದ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. ವಾಯುಪಡೆಯ ಹಸಿರು, ಬೂದು ಬಣ್ಣವೇ ಬೇಕು ಅಂತ ಮಗ. ಮಾವ ಒಪ್ಪಲಿಲ್ಲ. 'ಬಣ್ಣ ಬಳಿಯೋದು ಬೇರೆ ಶೆಡ್ಡಿನವರ ಕೆಲಸ, ನಮ್ಮದಲ್ಲ' ಅಂದುಬಿಟ್ಟರು. ಅವರ ಕಣ್ಣಲ್ಲಿರೋದು ಬರೀ ಅಲ್ಯೂಮಿನಿಯಂ ಮೈಯ ವಿಮಾನ. ಬೆಳ್ಳಿ ಬಣ್ಣ ಒಂದು ಗೀರನ್ನೂ ಮುಚ್ಚೋದಿಲ್ಲ, ಎತ್ತಿ ತೋರಿಸುತ್ತೆ. ಅದಕ್ಕಾಗಿ ಮತ್ತೆ ಎಂಟು ದಿನ ಉಜ್ಜಿದೆ. ಅವರು ಪಕ್ಕದಲ್ಲಿ ಕೂತು ಹೇಳಿದ್ದನ್ನೆಲ್ಲ ಸಂಜೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, 43 ಪುಟ ಆಗಿದೆ. ಯಾವ ಪೈಲಟ್ಟಿಗೆ ಯಾವ ಸೀಟು ಗಿಡ್ಡವಾಯಿತು, ಯಾರು ಸ್ಪ್ಯಾನರ್ ಒಳಗೇ ಮರೆತು ಬೈಸಿಕೊಂಡರು ಅನ್ನೋದೂ ಇದೆ.

ಗಾಜಿನ ಹೊದಿಕೆಗೆ ಫೆವಿಕ್ವಿಕ್ ಹಾಕಕೂಡದು, ಅದರ ಹಬೆಗೆ ಪ್ಲಾಸ್ಟಿಕ್ ಮಂಜು ಕವಿದಂತಾಗುತ್ತೆ. ಬಿಳೀ ಫೆವಿಕಾಲೇ ಸರಿ. ನಾನಿನ್ನೂ ಅಂಟಿಸಿಲ್ಲ. ದಿನಾ ಸಂಜೆ ಕಾಫಿ ಆದ ಮೇಲೆ ಮಾವನವರು ಹೊದಿಕೆ ಎತ್ತಿ, ಹಿಂದಿನ ಸೀಟು ಗಟ್ಟಿಯಾಗಿದೆಯೇ ಅಂತ ಕಿರುಬೆರಳಿನಿಂದ ಒತ್ತಿ ನೋಡಿ, ಮತ್ತೆ ಮುಚ್ಚುತ್ತಾರೆ.